ಕೋಶ ನೋಡಿ ದೇಶ ಸುತ್ತು

"ದೇಶ ಸುತ್ತು, ಕೋಶ ಓದು" ಎಂಬ ಗಾದೆಯನ್ನು ಇಪ್ಪತ್ತೆಂಟು ವರ್ಷಗಳಿಂದ ತರಗತಿಯಲ್ಲಿ ಹೇಳಿಕೊಂಡು ಬಂದವನು ನಾನು. ಕೋಶವೆಂದರೆ ನಿಘಂಟು, ಗ್ರಂಥ ಎಂದು ಅರ್ಥ ಹೇಳಿ ಮುಂದಿನ ಪಾಠಕ್ಕೆ ಹೋಗಿಬಿಡುತ್ತಿದ್ದೆ. ಅದೇ ಶಬ್ದಕ್ಕೆ ಬೊಕ್ಕಸವೆಂಬ ಮತ್ತೊಂದು ಅರ್ಥವುಂಟೆಂಬುದು ಪಂಡಿತ ಪರೀಕ್ಷೆಗೆ ಓದಿದವನಿಗೆ ತಿಳಿಯದ ಸಂಗತಿಯೇನಲ್ಲ. ಆದರೆ ಆ ಅರ್ಥ ಅನುಭವಕ್ಕೆ ಬಂದದ್ದು ೨೦೨೩ರ ದಸರಾ ರಜೆಯಲ್ಲಿ, ಐದು ಜನರ ಸಂಸಾರವನ್ನು ಕಟ್ಟಿಕೊಂಡು, ಯಾವ ಪ್ರವಾಸ ಸಂಸ್ಥೆಯ ನೆರವೂ ಇಲ್ಲದೆ, ನೇಪಾಳಕ್ಕೆ ಹೋಗಿ ಬಂದಾಗ.

ನೇಪಾಳವೂ ಒಂದು ವಿದೇಶವೇ ಎಂದು ಕೆಲವರು ನಗಬಹುದು. ಗಡಿ ದಾಟಬೇಕು, ಬೇರೆ ನಾಣ್ಯದಲ್ಲಿ ವ್ಯವಹರಿಸಬೇಕು, ಬೇರೆ ಸರ್ಕಾರದ ಕಾನೂನಿಗೆ ತಲೆಬಾಗಬೇಕು, ಕೈಗಡಿಯಾರದ ಮುಳ್ಳನ್ನು ತಿರುಗಿಸಿಕೊಳ್ಳಬೇಕು. ವಿದೇಶಕ್ಕೆ ಇನ್ನೇನು ಲಕ್ಷಣ ಬೇಕು? ಮೊದಲ ಸಲ ಹೊರದೇಶಕ್ಕೆ ಹೊರಡುವ ಸಂಬಳದಾರನ ಸಂಸಾರಕ್ಕೆ ಅದಕ್ಕಿಂತ ಒಳ್ಳೆಯ ಅಭ್ಯಾಸದ ಕಣ ಇಲ್ಲವೆಂದೇ ನನ್ನ ಅಭಿಪ್ರಾಯ.

ನಮ್ಮ ವಿಷಯದಲ್ಲಿ ಅಭ್ಯಾಸದ ಮಾತು ಆಮೇಲೆ ಹೊಳೆದದ್ದು. ಮೂಲ ಕಾರಣ ನಮ್ಮ ತಾಯಿ. ನಮ್ಮ ದೇವರ ಪೆಟ್ಟಿಗೆಯಲ್ಲಿ ನಾಲ್ಕು ತಲೆಮಾರಿನಿಂದ ಪೂಜೆಗೊಳ್ಳುತ್ತಿರುವ ಎರಡು ಸಾಲಿಗ್ರಾಮಗಳಿವೆ. ಸಾಲಿಗ್ರಾಮ ಸಿಕ್ಕುವುದು ನೇಪಾಳದ ಕಾಳೀ ಗಂಡಕೀ ನದಿಯಲ್ಲಿ. ತಂದೆಯವರು ನಿವೃತ್ತರಾದಂದಿನಿಂದ "ಒಂದು ಸಲ ಮುಕ್ತಿನಾಥಕ್ಕೆ ಹೋಗಿಬರೋಣ" ಎನ್ನುತ್ತಿದ್ದರು. ಆ "ಒಂದು ಸಲ" ಬರುವ ಮುಂಚೆಯೇ ೨೦೨೧ರಲ್ಲಿ ಅವರು ತೀರಿಕೊಂಡರು. ಅದಾದ ಮೇಲೆ ಒಂದು ದಿನ ಅಮ್ಮ ಸಾಲಿಗ್ರಾಮಗಳನ್ನು ಒರೆಸಿಡುತ್ತ, "ಇವು ಹುಟ್ಟಿದ ನೀರನ್ನು ನಾನಾದರೂ ಮುಟ್ಟಬೇಕಿತ್ತು ಕಣಪ್ಪಾ" ಎಂದರು. ಅವರಿಗೆ ಆಗ ಎಪ್ಪತ್ತೆರಡು. ಮರುತಿಂಗಳಿನಿಂದ ಬ್ಯಾಂಕಿನಲ್ಲಿ ತಿಂಗಳಿಗೆ ಏಳು ಸಾವಿರದಂತೆ ಒಂದು ಆರ್.ಡಿ. ತೆರೆದೆ. ಇಪ್ಪತ್ತನಾಲ್ಕು ಕಂತು ಮುಗಿದಾಗ ಬಡ್ಡಿ ಸೇರಿ ಬಂದದ್ದು ೧,೭೯,೦೦೦ ರೂಪಾಯಿ. ಇದೇ ನಮ್ಮ ಕೋಶ. ಇದಕ್ಕೆ ಮೀರಿ ಒಂದು ಪೈ ಸಾಲ ಮಾಡಕೂಡದೆಂದು ನನ್ನಾಕೆ ಮೊದಲೇ ಷರತ್ತು ಹಾಕಿದ್ದಳು. ಮಗಳು ಹತ್ತನೆಯ ತರಗತಿ ಮುಗಿಸಿ ಕಾಲೇಜು ಸೇರಿದ ವರ್ಷ. ಆ ಷರತ್ತು ನ್ಯಾಯವಾದದ್ದೇ.

ಮೊದಲು ಒಂದು ಪ್ರವಾಸ ಸಂಸ್ಥೆಯನ್ನು ವಿಚಾರಿಸಿದೆ. ಐದು ಜನಕ್ಕೆ ಎರಡು ಲಕ್ಷ ನಲವತ್ತು ಸಾವಿರ ಎಂದರು. ಹಣದ ಮಾತಿರಲಿ, ಅವರ ದಿನಚರಿಯ ಪಟ್ಟಿ ನೋಡಿದರೆ ಬೆಳಗ್ಗೆ ಆರಕ್ಕೆ ಸಿದ್ಧ, ದಿನಕ್ಕೆ ಏಳು ಜಾಗ. ಅಮ್ಮನ ಮೊಣಕಾಲಿಗೆ ಅದು ಒಗ್ಗುವಂತಿರಲಿಲ್ಲ. ಪ್ರವಾಸ ಸಂಸ್ಥೆಗಳನ್ನು ನಾನು ಹೀಗಳೆಯುವುದಿಲ್ಲ. ಹೊಣೆಯೆಲ್ಲ ಅವರ ಮೇಲೆ ಹೊರಿಸಿ ನಿಶ್ಚಿಂತರಾಗಿರುವುದಕ್ಕೂ ಒಂದು ಬೆಲೆಯುಂಟು. ಅದನ್ನು ಕೊಡಲಾರದವನು ತನ್ನ ಹೊಣೆಯನ್ನು ತಾನೇ ಹೊರಬೇಕು, ಅಷ್ಟೆ.

ಈಗ ಕಾಗದಪತ್ರಗಳ ವಿಷಯ. ಅನ್ಯ ದೇಶಗಳಿಗಾದರೆ ಮೊದಲು ಪಾಸ್‌ಪೋರ್ಟು. ವಯಸ್ಕರಿಗೆ ೧,೫೦೦ ರೂಪಾಯಿ, ಹದಿನೆಂಟರೊಳಗಿನವರಿಗೆ ೧,೦೦೦ ರೂಪಾಯಿ ಶುಲ್ಕ. ಐವರಿಗೆ ಆರು ಸಾವಿರದ ಚಿಲ್ಲರೆ ಅಲ್ಲಿಯೇ ಹೋಯಿತು. ಆಮೇಲೆ ವೀಸಾ. ನೇಪಾಳಕ್ಕೆ ಹೋಗುವ ಭಾರತೀಯರಿಗೆ ವೀಸಾ ಬೇಕಿಲ್ಲ. ಪಾಸ್‌ಪೋರ್ಟು ಇಲ್ಲದಿದ್ದರೆ ಚುನಾವಣಾ ಆಯೋಗ ಕೊಟ್ಟ ಮತದಾರರ ಗುರುತಿನ ಚೀಟಿಯೂ ಸಾಕು. ಇಲ್ಲಿ ಬಹಳ ಜನ ಎಡವುತ್ತಾರೆ: ಆಧಾರ್ ಚೀಟಿಯೊಂದನ್ನೇ ಹಿಡಿದುಕೊಂಡು ವಿಮಾನ ನಿಲ್ದಾಣಕ್ಕೆ ಹೋಗುತ್ತಾರೆ. ಹದಿನೈದು ವರ್ಷಕ್ಕಿಂತ ಚಿಕ್ಕವರಿಗೂ ಅರವತ್ತೈದಕ್ಕಿಂತ ದೊಡ್ಡವರಿಗೂ ಅದು ನಡೆಯುತ್ತದೆ, ನಡುವಯಸ್ಸಿನವರಿಗೆ ನಡೆಯುವುದಿಲ್ಲ. ಹಾಗಾದರೆ ಮತದಾನದ ವಯಸ್ಸಾಗದ, ಹದಿನೈದು ದಾಟಿದ ಮಕ್ಕಳ ಗತಿಯೇನು? ಅವರಿಗೆ ಶಾಲೆಯ ಅಥವಾ ಕಾಲೇಜಿನ ಪ್ರಾಂಶುಪಾಲರು ಗೊತ್ತಾದ ನಮೂನೆಯಲ್ಲಿ ಭಾವಚಿತ್ರ ಸಹಿತ ಗುರುತಿನ ಪ್ರಮಾಣಪತ್ರ ಬರೆದುಕೊಡಬೇಕು. ಎಷ್ಟೋ ಮಕ್ಕಳಿಗೆ ಎಷ್ಟೋ ಬಗೆಯ ಪ್ರಮಾಣಪತ್ರ ಬರೆದುಕೊಟ್ಟ ನನಗೆ, ಒಂದು ಹಾಳೆಯಿಂದ ಒಂದು ದೇಶದ ಬಾಗಿಲು ತೆರೆಯುತ್ತದೆಂಬುದು ಗೊತ್ತಿರಲಿಲ್ಲ. ಮಗಳಿಗೆ ಹಾಗೆಯೇ ಮಾಡಿಸಿದೆವು. ಹನ್ನೆರಡರ ಮಗನಿಗೂ ಅಮ್ಮನಿಗೂ ಆಧಾರ್. ನಮ್ಮಿಬ್ಬರಿಗೆ ಮತದಾರರ ಚೀಟಿ. ಎಲ್ಲವೂ ಮೂಲಪ್ರತಿಗಳೇ ಆಗಿರಬೇಕು, ನಕಲು ಕೆಲಸಕ್ಕೆ ಬಾರದು.

ಇದಕ್ಕಿಂತ ದೊಡ್ಡ ತೊಡಕು ನಮ್ಮ ಕಡೆಯ ಹೆಸರುಗಳದು. ನಮಗೆ ಮನೆತನದ ಹೆಸರಿಲ್ಲ. ಊರಿಗೊಂದು, ತಂದೆಗೊಂದು ಇನಿಷಿಯಲ್ ಹಚ್ಚಿಕೊಂಡು ಬದುಕುತ್ತೇವೆ. ಟಿಕೀಟಿನ ಅರ್ಜಿಯಲ್ಲಿ "ಕೊನೆಯ ಹೆಸರು" ಎಂಬ ಖಾನೆ ಬಂದಾಗ ಏನು ತುಂಬುವುದು? ಅಮ್ಮನಂತೂ ಪಡಿತರ ಚೀಟಿಯಲ್ಲಿ ಒಬ್ಬರು, ಬ್ಯಾಂಕಿನ ಪುಸ್ತಕದಲ್ಲಿ ಮತ್ತೊಬ್ಬರು, ಆಧಾರಿನಲ್ಲಿ ಮೂರನೆಯವರು. ಇದಕ್ಕೆ ಪರಿಹಾರ ಸರಳವಾದದ್ದು: ನಿಲ್ದಾಣದಲ್ಲಿ ಯಾವ ಚೀಟಿಯನ್ನು ತೋರಿಸುತ್ತೀರೋ ಅದರಲ್ಲಿರುವ ಅಕ್ಷರಗಳನ್ನೇ ಅಕ್ಷರಶಃ ಟಿಕೀಟಿನಲ್ಲಿ ಬರೆಯಿಸಬೇಕು. ಚೀಟಿಯಲ್ಲಿಯೇ ತಪ್ಪಿದ್ದರೆ ಮೊದಲು ಅದನ್ನು ತಿದ್ದಿಸಿ, ಆಮೇಲೆ ಟಿಕೀಟು ಕೊಳ್ಳಬೇಕು. ಈ ಕ್ರಮ ತಲೆಕೆಳಗಾದರೆ ಹಣವೂ ಹೋಗುತ್ತದೆ, ಮರ್ಯಾದೆಯೂ ಹೋಗುತ್ತದೆ.

ದಾರಿ ಎರಡು. ಒಂದು, ಬೆಂಗಳೂರಿನಿಂದ ರೈಲಿನಲ್ಲಿ ಗೋರಖಪುರ, ಅಲ್ಲಿಂದ ಸುಮಾರು ೯೦ ಕಿಲೋಮೀಟರು ಹೋದರೆ ಸುನೌಲಿ ಗಡಿ. ಅದನ್ನು ನಡೆದು ದಾಟಿದರೆ ಭೈರಹವಾ, ಅದರ ಪಕ್ಕದಲ್ಲಿಯೇ ಬುದ್ಧ ಹುಟ್ಟಿದ ಲುಂಬಿನಿ. ಯುವಕರಿಗೂ ದೀರ್ಘ ರಜೆಯುಳ್ಳವರಿಗೂ ಇದೇ ಸೊಗಸು, ಖರ್ಚೂ ಬಹಳ ಕಡಮೆ. ನಮಗೆ ಹೋಗಿಬರುವ ರೈಲಿಗೇ ನಾಲ್ಕು ದಿನಗಳು ಹೋಗುತ್ತಿದ್ದವು. ಹೀಗಾಗಿ ದಿಲ್ಲಿಯ ಮಾರ್ಗವಾಗಿ ವಿಮಾನವನ್ನು ಹಿಡಿದೆವು. ಜುಲೈಯಲ್ಲಿ ಕೊಂಡ ಟಿಕೀಟು ತಲೆಗೆ ೧೮,೬೦೦ ರೂಪಾಯಿಯಂತೆ ೯೩,೦೦೦ ರೂಪಾಯಿ. ಬೆಂಗಳೂರು–ದಿಲ್ಲಿಗೆ ಒಂದು, ದಿಲ್ಲಿ–ಕಾಠ್ಮಂಡುವಿಗೆ ಒಂದು ಎಂದು ಬೇರೆಬೇರೆಯಾಗಿ ಕೊಂಡಿದ್ದರೆ ಆರೇಳು ಸಾವಿರ ಉಳಿಯುತ್ತಿತ್ತು. ಆದರೆ ಹಾಗೆ ಕೊಂಡಾಗ, ಮೊದಲನೆಯ ವಿಮಾನ ತಡವಾಗಿ ಎರಡನೆಯದು ತಪ್ಪಿಹೋದರೆ ಯಾರೂ ಕೇಳುವವರಿಲ್ಲ. ಪೆಟ್ಟಿಗೆಗಳನ್ನೂ ದಿಲ್ಲಿಯಲ್ಲಿ ನಾವೇ ಇಳಿಸಿಕೊಂಡು ಮತ್ತೆ ಏರಿಸಬೇಕು. ಒಂದೇ ಟಿಕೀಟಾದರೆ ಆ ಹೊಣೆ ವಿಮಾನದವರದು. ವಯಸ್ಸಾದವರು ಜೊತೆಗಿರುವಾಗ ಆ ಆರೇಳು ಸಾವಿರವನ್ನು ಉಳಿತಾಯವೆಂದು ಲೆಕ್ಕ ಹಿಡಿಯುವುದು ಜಾಣತನವಲ್ಲ. ಗಾಲಿಕುರ್ಚಿ ಬೇಕೆಂದು ಮೊದಲೇ ತಿಳಿಸಿದರೆ ನಿಲ್ದಾಣದಲ್ಲಿ ಅದನ್ನು ಒದಗಿಸುತ್ತಾರೆ. ಅಮ್ಮ ಮೊದಲು ಬೇಡವೇ ಬೇಡವೆಂದರು, ಆಮೇಲೆ ದಿಲ್ಲಿಯ ನಿಲ್ದಾಣದ ಉದ್ದವನ್ನು ನೋಡಿ ಸುಮ್ಮನೆ ಕುಳಿತರು.

ಉಳಿದ ಲೆಕ್ಕವನ್ನು ಮಗಳು ಒಂದು ನೋಟುಪುಸ್ತಕದಲ್ಲಿ ಬರೆದಳು. ಎಂಟು ರಾತ್ರಿಗೆ ಎರಡು ಕೋಣೆ, ೨೪,೦೦೦ ರೂಪಾಯಿ. ಊಟ ತಿಂಡಿಗೆ ದಿನಕ್ಕೆ ಎರಡು ಸಾವಿರದಂತೆ ೧೬,೦೦೦. ಅಲ್ಲಿಯ ಬಸ್ಸು ಟ್ಯಾಕ್ಸಿಗೆ ೧೪,೦೦೦. ಪ್ರವೇಶ ಶುಲ್ಕ, ಪೂಜೆ, ದೂರವಾಣಿ ಮೊದಲಾದ ಚಿಲ್ಲರೆಗೆ ೭,೦೦೦. ಪ್ರವಾಸ ವಿಮೆಗೆ ೪,೦೦೦. ವಿಮಾನದ್ದೂ ಸೇರಿ ಒಟ್ಟು ೧,೫೮,೦೦೦. ಇದರ ಮೇಲೆ ಹತ್ತರಲ್ಲಿ ಒಂದು ಪಾಲಿನಂತೆ ೧೬,೦೦೦ ರೂಪಾಯಿಯನ್ನು "ಆಪದ್ಧನ" ಎಂದು ಬೇರೆಯಾಗಿ ತೆಗೆದಿಟ್ಟೆವು. ಆಪದ್ಧನಕ್ಕೆ ನಾವು ಮಾಡಿಕೊಂಡ ನಿಯಮ ಒಂದೇ: ಕಣ್ಣಿಗೆ ಚೆಂದ ಕಂಡ ವಸ್ತುವನ್ನು ಕೊಳ್ಳಲು ಅದನ್ನು ಮುಟ್ಟತಕ್ಕದ್ದಲ್ಲ. ಕೋಣೆಗಳನ್ನು ಮುಂಗಡ ಗೊತ್ತುಮಾಡುವಾಗ, ಬೇಡವೆಂದರೆ ಹಣ ಹಿಂದಿರುಗಿಸುವ ಅಥವಾ ಹೋದಮೇಲೆ ಹಣ ತೆಗೆದುಕೊಳ್ಳುವ ಕಡೆಗಳನ್ನೇ ಆರಿಸಿದೆವು. ಬಾಡಿಗೆ ಸ್ವಲ್ಪ ಹೆಚ್ಚಾದರೂ ಇದು ಒಳ್ಳೆಯದು; ಏಕೆಂಬುದು ಮುಂದೆ ತಿಳಿಯುತ್ತದೆ.

ಹಣವನ್ನು ಒಯ್ಯುವ ಬಗೆಯನ್ನು ಬಿಡಿಸಿ ಹೇಳಬೇಕು. ೧೯೯೩ರಿಂದಲೂ ನಮ್ಮ ನೂರು ರೂಪಾಯಿಗೆ ಅವರ ನೂರ ಅರವತ್ತು ಎಂಬ ದರ ಸ್ಥಿರವಾಗಿ ನಿಂತಿದೆ. ಡಾಲರು ಏರಿತೇ ಇಳಿಯಿತೇ ಎಂದು ದಿನವೂ ನೋಡಬೇಕಾದ್ದಿಲ್ಲ. ಲೆಕ್ಕ ಹಾಕುವವನಿಗೆ ಇದೊಂದು ವರ. ನೇಪಾಳಿ ಬೆಲೆಯನ್ನು ಐದರಿಂದ ಗುಣಿಸಿ ಎಂಟರಿಂದ ಭಾಗಿಸಿದರೆ ನಮ್ಮ ಬೆಲೆ ಸಿಕ್ಕುತ್ತದೆ. ೪೮೦ ಎಂದು ಬರೆದಿದ್ದರೆ ನಮ್ಮ ೩೦೦. ಮಗ ಎರಡೇ ದಿನದಲ್ಲಿ ಈ ಗುಣಾಕಾರದಲ್ಲಿ ನನ್ನನ್ನು ಮೀರಿಸಿದ. ಅಂಗಡಿಯಲ್ಲಿ ಬೆಲೆ ಹೇಳಿದೊಡನೆ "ಐ.ಸಿ.ಯೋ, ಎನ್.ಸಿ.ಯೋ?" ಎಂದು ಕೇಳಿಕೊಳ್ಳಬೇಕು. ಐ.ಸಿ. ಎಂದರೆ ಭಾರತದ ರೂಪಾಯಿ, ಎನ್.ಸಿ. ಎಂದರೆ ನೇಪಾಳದ್ದು. ಎರಡು ದೇಶದ ಹಣವೂ ರೂಪಾಯಿಯೇ ಆದ್ದರಿಂದ ಈ ಒಂದು ಪ್ರಶ್ನೆ ಮರೆತವನು ಒಂದೂವರೆಯಷ್ಟಕ್ಕೂ ಹೆಚ್ಚು ತೆತ್ತು ಬರುತ್ತಾನೆ. ಕೆಲವು ಟ್ಯಾಕ್ಸಿಯವರು ಅರವತ್ತರ ಬದಲು ಐವತ್ತನ್ನೇ ಲೆಕ್ಕ ಹಿಡಿಯುವುದುಂಟು; ಆದ್ದರಿಂದ ನಿಲ್ದಾಣದಲ್ಲಿ ಇಳಿದೊಡನೆ ಸ್ವಲ್ಪ ಹಣವನ್ನು ನೇಪಾಳಿ ನೋಟಿಗೆ ಬದಲಾಯಿಸಿಕೊಳ್ಳುವುದು ಮೇಲು.

೨೦೧೮ರ ಡಿಸೆಂಬರಿನಲ್ಲಿ ನೇಪಾಳವು ನೂರಕ್ಕಿಂತ ದೊಡ್ಡ ಭಾರತೀಯ ನೋಟುಗಳನ್ನು ನಿಷೇಧಿಸಿತ್ತು. ನಾವು ಹೋದಾಗ ಅದೇ ನಿಯಮ. ಇಂಥ ನಿಯಮಗಳನ್ನು ಸರ್ಕಾರಗಳು ಆಗಾಗ ಬದಲಿಸುವುದರಿಂದ ಹೊರಡುವ ವಾರದಲ್ಲಿ ಬ್ಯಾಂಕಿನಲ್ಲಿ ಒಮ್ಮೆ ಕೇಳಿಕೊಳ್ಳಿ. ಬ್ಯಾಂಕಿನಿಂದ ನಲವತ್ತು ಸಾವಿರವನ್ನು ನೂರರ ನೋಟುಗಳಲ್ಲಿ, ಎಂದರೆ ನಾಲ್ಕು ಕಟ್ಟು, ತಂದು ಮನೆಯಲ್ಲಿ ಹರಡಿದಾಗ ಮದುವೆ ಮನೆಯ ಕಳೆ ಬಂದಿತ್ತು. ನನ್ನಾಕೆ ಅದಕ್ಕಾಗಿ ಬಟ್ಟೆಯ ಮೂರು ಚೀಲಗಳನ್ನು ಹೊಲಿದು, ಮೂವರ ಸೊಂಟಕ್ಕೆ ಹಂಚಿದಳು. ಎಲ್ಲ ಹಣವೂ ಒಬ್ಬರ ಬಳಿ ಇರಬಾರದೆಂಬ ಅವಳ ತತ್ತ್ವ ಹಳೆಯದು, ಗಟ್ಟಿಯಾದದ್ದು. ಬೇರೆ ದೇಶಗಳಿಗೆ ಒಯ್ಯುವ ವಿದೇಶೀ ವಿನಿಮಯದ ಕಾರ್ಡು ನೇಪಾಳದಲ್ಲಿ ನಡೆಯುವುದಿಲ್ಲ ಎಂಬುದು ನೆನಪಿರಲಿ. ೨೦೨೪ರ ಮಾರ್ಚಿಯಿಂದ ನಮ್ಮ ಯು.ಪಿ.ಐ. ವ್ಯವಸ್ಥೆ ಅಲ್ಲಿಯ ಫೋನ್‌ಪೇ ಜಾಲದೊಡನೆ ಕೂಡಿಕೊಂಡಿದೆ. ಹೆಸರು ಒಂದೇ ತರಹ ಕೇಳಿಸಿದರೂ ಅದು ನೇಪಾಳದವರದೇ ಬೇರೆ ಸಂಸ್ಥೆ. ಅವರ ಚೌಕಟ್ಟನ್ನು ಇಟ್ಟುಕೊಂಡ ಅಂಗಡಿಗಳಲ್ಲಿ ಮೊಬೈಲಿನಿಂದಲೇ ಹಣ ಕೊಡಬಹುದು. ಇಷ್ಟಾದರೂ ಹಳ್ಳಿಯ ಹಾದಿಗೆ ಕೈಯಲ್ಲಿ ನೋಟಿರಬೇಕು.

ಹೀಗೆ ಎಲ್ಲವನ್ನೂ ಅಳೆದು ಸುರಿದು ಮಾಡಿದ ನಾನು ಒಂದು ದೊಡ್ಡ ತಪ್ಪು ಮಾಡಿದೆ. ಅದನ್ನು ಹೇಳಲೆಂದೇ ಈ ಲೇಖನವನ್ನು ಒಪ್ಪಿಕೊಂಡೆನೆಂದರೂ ಸರಿ.

ನೇಪಾಳಕ್ಕೆ ಸರಿಯಾದ ಕಾಲ ಅಕ್ಟೋಬರು–ನವೆಂಬರು. ಮಳೆ ತೊಳೆದ ಆಕಾಶದಲ್ಲಿ ಹಿಮಾಲಯ ಸ್ಪಷ್ಟವಾಗಿ ಕಾಣುತ್ತದೆ. ನಮ್ಮ ಬೇಸಿಗೆ ರಜೆಯ ಏಪ್ರಿಲ್–ಮೇ ತಿಂಗಳುಗಳಲ್ಲಿ ಧೂಳು, ಕಾಡುಗಿಚ್ಚಿನ ಹೊಗೆ. ಎಷ್ಟೋ ದಿನ ಪರ್ವತದ ಸುಳಿವೇ ಇರುವುದಿಲ್ಲ. ಮಳೆಗಾಲದಲ್ಲಿ ಬೆಟ್ಟದ ರಸ್ತೆ ಕುಸಿಯುತ್ತದೆ. ೨೦೨೪ರ ಜುಲೈಯಲ್ಲಿ ನಾರಾಯಣಗಢ–ಮುಗ್ಲಿಂಗ್ ರಸ್ತೆಯಲ್ಲಿ ಎರಡು ಬಸ್ಸುಗಳು ಭೂಕುಸಿತಕ್ಕೆ ಸಿಕ್ಕಿ ತ್ರಿಶೂಲಿ ನದಿಯ ಪಾಲಾದವು. ಆದ್ದರಿಂದ ದಸರಾ ರಜೆಯೇ ಯೋಗ್ಯವೆಂದು ಆರಿಸಿದೆ. ೨೦೨೩ರಲ್ಲಿ ನಮಗೆ ರಜೆ ಅಕ್ಟೋಬರು ೮ರಿಂದ ೨೪ರವರೆಗೆ. ಹದಿನಾಲ್ಕರಂದು ಮಹಾಲಯ ಅಮಾವಾಸ್ಯೆ. ತಂದೆಯವರಿಗೆ ಎಡೆಯಿಟ್ಟೇ ಹೊರಡಬೇಕೆಂದು ಅಮ್ಮ. ಸರಿ, ಹದಿನೈದರ ರಾತ್ರಿ ಹೊರಟು ಇಪ್ಪತ್ತನಾಲ್ಕಕ್ಕೆ ಹಿಂದಿರುಗುವುದೆಂದು ನಿಶ್ಚಯವಾಯಿತು. ಪಂಚಾಂಗ ನೋಡಿದೆ, ರಜೆಯ ಪಟ್ಟಿ ನೋಡಿದೆ. ಆದರೆ ಅದೇ ನವರಾತ್ರಿ ನೇಪಾಳದಲ್ಲಿ "ದಶೈಂ" ಎಂಬ ಹೆಸರಿನಲ್ಲಿ ವರ್ಷದ ಅತ್ಯಂತ ದೊಡ್ಡ ಹಬ್ಬವೆಂಬುದನ್ನು ಓದಿದ್ದರೂ, ಅದರ ಪರಿಣಾಮವನ್ನು ಯೋಚಿಸಲಿಲ್ಲ. ಸಪ್ತಮಿಯ ಹೊತ್ತಿಗೆ ಕಾಠ್ಮಂಡುವಿನ ಬಹುಪಾಲು ಜನ ಊರು ಬಿಟ್ಟು ತಂತಮ್ಮ ಹಳ್ಳಿಗೆ ಹೋಗುತ್ತಾರೆ. ನಮ್ಮಲ್ಲಿ ಗೌರಿಹಬ್ಬದ ಮುನ್ನಾದಿನ ಬೆಂಗಳೂರಿನ ಬಸ್ ನಿಲ್ದಾಣ ಹೇಗಿರುತ್ತದೋ ಹಾಗೆ. ಅವರು ವಾರಗಳ ಮುಂಚೆಯೇ ಮುಂಗಡ ಟಿಕೀಟು ಕೊಂಡಿರುತ್ತಾರೆ. ನಾವು ಪೋಖರಾಕ್ಕೆ ಹೊರಡಬೇಕಾದ ದಿನ ಇಪ್ಪತ್ತು, ಸಪ್ತಮಿಯ ಮುನ್ನಾದಿನ! ಹೋದ ಮೇಲೆ ಕೊಂಡರಾಯಿತೆಂದು ಬಸ್ಸಿನ ಟಿಕೀಟು ಕೊಂಡಿರಲಿಲ್ಲ.

ಇದು ತಿಳಿದದ್ದು ಹದಿನೆಂಟರಂದು. ಅದಕ್ಕೆ ಮುಂಚಿನ ಎರಡು ದಿನ ನೆಮ್ಮದಿಯವೇ. ಇಳಿದೊಡನೆ ಗಡಿಯಾರವನ್ನು ಹದಿನೈದು ನಿಮಿಷ ಮುಂದಕ್ಕೆ ತಿರುಗಿಸಿದೆವು. ನೇಪಾಳದ ಕಾಲ ನಮಗಿಂತ ಅಷ್ಟೇ ಮುಂದು. ಟಿಕೀಟಿನಲ್ಲಿ ಆಯಾ ಊರಿನ ಕಾಲವನ್ನೇ ಬರೆದಿರುತ್ತಾರೆ. ಪಶುಪತಿನಾಥನ ದರ್ಶನಕ್ಕೆ ಅಮ್ಮ ಬೆಳಕು ಹರಿಯುವ ಮುಂಚೆಯೇ ಸಿದ್ಧ. ಅಲ್ಲಿಯ ಮುಖ್ಯ ಪೂಜೆ ಕರ್ನಾಟಕದಿಂದ ಹೋದ ಭಟ್ಟರದೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿದ ಸಂಗತಿ. ಅವರೊಡನೆ ಕನ್ನಡದಲ್ಲಿ ನಾಲ್ಕು ಮಾತಾಡಬೇಕೆಂದು ಅಮ್ಮನಿಗೆ ಆಸೆಯಿತ್ತು. ನೂಕುನುಗ್ಗಲಿನಲ್ಲಿ ಅದು ಕೈಗೂಡಲಿಲ್ಲ. ನಾಲ್ಕು ಮುಖದ ಲಿಂಗ, ನಾಲ್ಕು ದಿಕ್ಕಿನ ಬಾಗಿಲು, ಕೆಳಗೆ ಬಾಗ್ಮತಿಯ ದಡದಲ್ಲಿ ಉರಿಯುವ ಚಿತೆಗಳು. ಗುಡಿಯ ಒಳಗೆ ಚರ್ಮದ ವಸ್ತುಗಳನ್ನು ಬಿಡುವುದಿಲ್ಲ, ಚಿತ್ರ ತೆಗೆಯುವಂತಿಲ್ಲ.

ಭಕ್ತಪುರದಲ್ಲಿ ಸಾರ್ಕ್ ದೇಶಗಳವರಿಗೆ ತಲೆಗೆ ೫೦೦ ನೇಪಾಳಿ ರೂಪಾಯಿ ಪ್ರವೇಶ ಶುಲ್ಕ ಕೊಟ್ಟೆವು. ಇತರ ವಿದೇಶೀಯರು ಅದರ ಹಲವು ಪಟ್ಟು ಕೊಡಬೇಕು. ಆದ್ದರಿಂದ ಗುರುತಿನ ಚೀಟಿಯನ್ನು ಕೋಣೆಯಲ್ಲಿ ಬಿಟ್ಟು ಹೋಗಬೇಡಿ. ಪಂಡಿತನ ಚಪಲಕ್ಕೆ ಒಂದು ಮಾತು: ೧೦೯೭ರ ಸುಮಾರಿನಲ್ಲಿ ಸಿಮ್ರೌನ್‌ಗಢದಲ್ಲಿ ರಾಜ್ಯ ಕಟ್ಟಿದ ನಾನ್ಯದೇವನ ವಂಶಕ್ಕೆ "ಕರ್ಣಾಟ ವಂಶ" ಎಂದೇ ಹೆಸರು. ಆ ಊರು ಈಗ ನೇಪಾಳದ ಬಾರಾ ಜಿಲ್ಲೆಯಲ್ಲಿದೆ. ಭಕ್ತಪುರದ ಅರಮನೆಯ ತಲೇಜು ದೇವಿಯನ್ನು ಆ ವಂಶದವರೇ ತಂದರೆಂದು ಐತಿಹ್ಯ. ಇದನ್ನು ನಾನು ಅರಮನೆಯ ಮುಂದೆ ನಿಂತು ವಿವರಿಸುತ್ತಿದ್ದಾಗ ಮಕ್ಕಳು ಮಣ್ಣಿನ ಕುಡಿಕೆಯಲ್ಲಿ ಮಾರುವ ಮೊಸರಿನ ಅಂಗಡಿಯ ಕಡೆ ನೋಡುತ್ತಿದ್ದರು. ಅಲ್ಲಿಯವರು ಅದನ್ನು "ಜುಜು ಧೌ", ಎಂದರೆ ಮೊಸರಿನ ರಾಜ, ಎನ್ನುತ್ತಾರೆ. ಹೆಸರಿನಲ್ಲಿ ಉತ್ಪ್ರೇಕ್ಷೆಯಿಲ್ಲ. ಅನ್ನ, ಬೇಳೆ, ಪಲ್ಯದ "ದಾಲ್ ಭಾತ್" ಎಲ್ಲ ಕಡೆಯೂ ಸಿಕ್ಕುತ್ತದೆ, ಕೇಳಿದರೆ ಮತ್ತೆ ಬಡಿಸುತ್ತಾರೆ. ಸಸ್ಯಾಹಾರಿಗಳಿಗೆ ಕಷ್ಟವೇನಿಲ್ಲ, ಆದರೂ ಅಮ್ಮನ ಅವಲಕ್ಕಿ, ಚಟ್ನಿಪುಡಿಯ ಡಬ್ಬಿ ಮೂರು ಹೊತ್ತು ಕಾಪಾಡಿತು. ದಶೈಂ ಹಬ್ಬದ ಅಷ್ಟಮಿ ನವಮಿಗಳಲ್ಲಿ ಪ್ರಾಣಿಬಲಿ ನಡೆಯುತ್ತದೆ. ನೋಡಲಾರದವರು ಆ ದಿನ ಗುಡಿಗಳ ಕಡೆಗೆ ಹೋಗದಿರುವುದು ಒಳ್ಳೆಯದು.

ಮುಕ್ತಿನಾಥದ ಮಾತು ಊರಿನಲ್ಲಿಯೇ ಮುಗಿದಿತ್ತು. ಅದು ಸಮುದ್ರಮಟ್ಟಕ್ಕಿಂತ ೩,೭೦೦ ಮೀಟರಿಗೂ ಎತ್ತರ. ಪೋಖರಾ ಸುಮಾರು ೮೦೦ ಮೀಟರು. ಎರಡು ದಿನದಲ್ಲಿ ಅಷ್ಟು ಎತ್ತರ ಏರಿದರೆ ಗಾಳಿಯ ತೆಳುವಿನಿಂದ ಗಟ್ಟಿ ಆಳೂ ತಲೆಹಿಡಿದು ಕೂರುತ್ತಾನೆ. ಅಮ್ಮನಿಗೆ ಎಪ್ಪತ್ತನಾಲ್ಕು, ರಕ್ತದೊತ್ತಡ. ವೈದ್ಯರು ಖಂಡಿತವಾಗಿ ಬೇಡವೆಂದರು. ನಾನು ಅದನ್ನು ಅಮ್ಮನಿಗೆ ಹೇಳಿದ ಸಂಜೆ ಅವರು, "ಪಶುಪತಿ ಆದರೆ ಸಾಕು ಬಿಡು" ಎಂದರು. ಸಾಕೆಂದವರ ಮುಖ ನೋಡಿದರೆ ಸಾಕಾಗಿರಲಿಲ್ಲ. ಹಣವಿಲ್ಲದೆ ಬಿಟ್ಟುಕೊಡುವುದು ನನಗೆ ರೂಢಿ. ಹಣವಿದ್ದೂ ಬಿಡಬೇಕಾದದ್ದು ಅದೇ ಮೊದಲು.

ಹದಿನೆಂಟರ ಸಂಜೆ ಆರು ಕಡೆ ಕೇಳಿದರೂ ಇಪ್ಪತ್ತರ ಬಸ್ಸಿಗೆ ಐದು ಸ್ಥಳ ಸಿಕ್ಕಲಿಲ್ಲ. ಬಸ್ಸಿಗೆ ತಲೆಗೆ ೧,೨೦೦ ನೇಪಾಳಿ ರೂಪಾಯಿಯಂತೆ ನಮ್ಮ ೩,೭೫೦ ರೂಪಾಯಿ ಎಂದು ಬರೆದುಕೊಂಡಿದ್ದೆವು. ಜೀಪಿನವನೊಬ್ಬ ೨೪,೦೦೦ ನೇಪಾಳಿ, ಎಂದರೆ ನಮ್ಮ ೧೫,೦೦೦ ಕೇಳಿದ. ಹಬ್ಬದ ದರ, ಚೌಕಾಸಿಗೆ ಬಗ್ಗಲಿಲ್ಲ. ಆಪದ್ಧನಕ್ಕೆ ಕೈಹಾಕುವ ಹೊತ್ತು ಬಂತೆಂದು ಮುಖ ಸಪ್ಪೆ ಮಾಡಿಕೊಂಡು ಕೋಣೆಗೆ ಬಂದೆ. ನನ್ನಾಕೆ ನಕ್ಷೆ ಹಿಡಿದುಕೊಂಡು ಕುಳಿತಿದ್ದಳು. "ರೀ, ಜೀಪು ನಮ್ಮದೇ ಆದಮೇಲೆ ಅದು ನಾವು ಹೇಳಿದ ಕಡೆ ನಿಲ್ಲಬೇಕಲ್ಲವೆ? ಈ ಮುಗ್ಲಿಂಗಿನಿಂದ ಕೆಳಕ್ಕೆ ಹೋದರೆ ಇದೇನು, ದೇವಘಾಟ್ ಅಂತ? ಗಂಡಕೀ ಇಲ್ಲಿ ಬರುತ್ತದೆ ನೋಡಿ" ಎಂದಳು.

ನಕ್ಷೆಯನ್ನು ನಾನೂ ಹತ್ತು ಸಲ ನೋಡಿದ್ದೆ. ಆದರೆ ಬಸ್ಸಿನ ದಾರಿಯನ್ನಷ್ಟೇ ನೋಡಿದ್ದೆ. ಕಾಠ್ಮಂಡುವಿನಿಂದ ಪೋಖರಾಕ್ಕೆ ಸುಮಾರು ೨೦೦ ಕಿಲೋಮೀಟರು, ಅರ್ಧದಾರಿಯಲ್ಲಿ ಮುಗ್ಲಿಂಗ್. ಅಲ್ಲಿಂದ ದಕ್ಷಿಣಕ್ಕೆ ೩೬ ಕಿಲೋಮೀಟರು ಇಳಿದರೆ ನಾರಾಯಣಗಢ. ಅದರ ಹತ್ತಿರವೇ ದೇವಘಾಟ್, ಕಾಳೀ ಗಂಡಕಿಯೂ ತ್ರಿಶೂಲಿಯೂ ಕೂಡುವ ಜಾಗ. ಬೆಟ್ಟವಲ್ಲ, ಬಯಲಿನ ಅಂಚು. ಎತ್ತರದ ಭಯವೇ ಇಲ್ಲ. ಮುಕ್ತಿನಾಥದ ಕಡೆಯಿಂದ ಸಾಲಿಗ್ರಾಮಗಳನ್ನು ಉರುಳಿಸಿಕೊಂಡು ಬರುವ ನೀರೇ ಅಲ್ಲಿಗೂ ಬರುತ್ತದೆ. ಜೀಪಿನವನು ಅದೇ ದರಕ್ಕೆ, ರಾತ್ರಿ ನಾರಾಯಣಗಢದಲ್ಲಿ ತಂಗಿ ಮರುದಿನ ಪೋಖರಾ ಮುಟ್ಟಿಸಲು ಒಪ್ಪಿದ. ಅವನ ಊರು ಆ ದಾರಿಯಲ್ಲಿಯೇ ಇತ್ತಂತೆ. ಹಬ್ಬಕ್ಕೆ ಒಂದು ರಾತ್ರಿ ಮನೆ ಸೇರುವ ಲಾಭ ಅವನಿಗೂ ಇತ್ತು. ಪೋಖರಾದ ಒಂದು ರಾತ್ರಿಯ ಕೋಣೆಯನ್ನು ದಂಡವಿಲ್ಲದೆ ಬಿಡಿಸಿಕೊಂಡೆವು. ಹಿಂದಿರುಗಿಸುವ ಷರತ್ತಿನ ಕೋಣೆಯ ಉಪಯೋಗ ಇದು.

ಇಪ್ಪತ್ತರ ಮಧ್ಯಾಹ್ನ ಮೂರಕ್ಕೆ ದೇವಘಾಟ್ ಸೇರಿದೆವು. ಕಡೆಗಾಲವನ್ನು ಅಲ್ಲಿ ಕಳೆಯಲೆಂದು ಬಂದು ನೆಲೆಸಿದ ಮುದುಕ ಮುದುಕಿಯರ ಆಶ್ರಮಗಳು, ತೂಗುಸೇತುವೆ, ಕೆಳಗೆ ಎರಡು ಬಣ್ಣದ ನೀರು. ಮಗಳೂ ಮಗನೂ ಎರಡು ಕಡೆ ಹಿಡಿದುಕೊಂಡು ಅಜ್ಜಿಯನ್ನು ಮೆಟ್ಟಿಲಿಳಿಸಿದರು. ಅಮ್ಮ ನೀರಿಗೆ ಕೈಯಿಟ್ಟವರು ಬಹಳ ಹೊತ್ತು ತೆಗೆಯಲಿಲ್ಲ. "ಎಷ್ಟು ತಣ್ಣಗಿದೆ" ಎಂದಷ್ಟೇ ಹೇಳಿದರು. ತಂದೆಯವರ ಹೆಸರಿನಲ್ಲಿ ಮೂರು ಬೊಗಸೆ ನೀರು ಬಿಟ್ಟೆ.

ಪೋಖರಾದ ಮಾತು ಹೆಚ್ಚು ಬೇಕಿಲ್ಲ. ಫೇವಾ ಸರೋವರ, ಸಾರಂಗಕೋಟದ ಮೇಲಿನಿಂದ ಬೆಳಗಿನ ಬಿಸಿಲಿಗೆ ಕೆಂಪಾಗುವ ಅನ್ನಪೂರ್ಣಾ ಸಾಲು, ೬,೯೯೩ ಮೀಟರಿನ ಮೀನಿನ ಬಾಲದ ಶಿಖರ ಮಚ್ಛಾಪುಛ್ರೇ. ಇಪ್ಪತ್ತೆರಡರ ಬೆಳಗ್ಗೆ ಕೋಣೆಯ ದೀಪ ತೂಗಾಡಿತು. ಧಾಡಿಂಗ್ ಜಿಲ್ಲೆಯಲ್ಲಿ ೬.೧ರ ಪ್ರಮಾಣದ ಭೂಕಂಪವಾಗಿತ್ತು. ನಮ್ಮಲ್ಲಿ ಹಾನಿಯಾಗಲಿಲ್ಲ, ಊರಿನವರು ಸುದ್ದಿ ಕೇಳಿ ಗಾಬರಿಯಾಗುವ ಮುಂಚೆ ನಾವೇ ಮಾತಾಡಿದೆವು. ಅಲ್ಲಿಯ ದೂರವಾಣಿ ಸಿಮ್ಮನ್ನು ಮೊದಲ ದಿನವೇ ಕೊಂಡಿದ್ದುದು ಆಗ ಉಪಯೋಗಕ್ಕೆ ಬಂತು. ೨೦೨೫ರ ಸೆಪ್ಟೆಂಬರಿನಲ್ಲಿ ಕಾಠ್ಮಂಡುವಿನಲ್ಲಿ ಗಲಭೆಯಾಗಿ ವಿಮಾನ ನಿಲ್ದಾಣವನ್ನೇ ಮುಚ್ಚಿದ್ದರು. ಇಂಥವು ಯಾವ ದೇಶದಲ್ಲಿಯೂ ಹೇಳಿ ಬರುವುದಿಲ್ಲ. ಹಿಂದಿರುಗುವ ವಿಮಾನಕ್ಕೆ ಒಂದು ದಿನ ಮುಂಚೆಯೇ ಆ ಊರನ್ನು ಸೇರಿಕೊಳ್ಳಬೇಕು. ಅದೇ ದಿನ ಬೆಟ್ಟದ ರಸ್ತೆ ಇಳಿದು ವಿಮಾನ ಹಿಡಿಯುವೆನೆಂಬ ಸಾಹಸ ಬೇಡ. ಇಪ್ಪತ್ತಮೂರರಂದು ಕಾಠ್ಮಂಡುವಿಗೆ ಮರಳುವ ಬಸ್ಸಿನಲ್ಲಿ ಬೇಕಾದಷ್ಟು ಜಾಗವಿತ್ತು. ಜನವೆಲ್ಲ ಎದುರು ದಿಕ್ಕಿಗೆ ಹೋಗಿ ಆಗಿತ್ತಲ್ಲ. ವಿಜಯದಶಮಿಯ ಬೆಳಗ್ಗೆ ವಸತಿಗೃಹದ ಒಡತಿಯ ಅತ್ತೆ ನಮ್ಮೈವರ ಹಣೆಗೂ ಅಕ್ಕಿ ಮೊಸರಿನ ಕೆಂಪು ಟೀಕಾ ಹಚ್ಚಿ, ಮಕ್ಕಳ ಕಿವಿಗೆ ಎಳೆ ಜವೆಯ ಸಸಿ ಸಿಕ್ಕಿಸಿದರು.

ಲೆಕ್ಕ ಮುಗಿಸುತ್ತೇನೆ. ಜೀಪಿನಿಂದ ೧೧,೨೫೦ ಹೆಚ್ಚು; ಮಗನಿಗೊಂದು ಸ್ವೆಟರು, ಔಷಧಿ ಸೇರಿ ೧,೫೦೦. ಒಟ್ಟು ಖರ್ಚು ೧,೭೦,೭೫೦, ಆರ್.ಡಿ.ಯಲ್ಲಿ ಉಳಿದದ್ದು ೮,೨೫೦ ರೂಪಾಯಿ. ಉಳಿದ ನೇಪಾಳಿ ನೋಟುಗಳನ್ನು ಅಲ್ಲಿಯೇ ಬದಲಾಯಿಸಿಕೊಂಡೆವು. ಇಲ್ಲಿ ತಂದರೆ ಕೊಳ್ಳುವವರನ್ನು ಹುಡುಕಬೇಕು.

ಹೊರಡುವ ದಿನ ಒಂದು ಚಿಕ್ಕ ಪೇಚು. ದೇವಘಾಟಿನಲ್ಲಿ ಅಮ್ಮ ನಮಗಾರಿಗೂ ಹೇಳದೆ ಅರ್ಧ ಲೀಟರಿನ ಬಾಟಲಿಯಲ್ಲಿ ಗಂಡಕಿಯ ನೀರು ತುಂಬಿಸಿಕೊಂಡು ಕೈಚೀಲದಲ್ಲಿ ಇಟ್ಟುಕೊಂಡಿದ್ದರು. ವಿಮಾನದೊಳಕ್ಕೆ ಒಯ್ಯುವ ಕೈಚೀಲದಲ್ಲಿ ಒಂದೊಂದು ಬಾಟಲಿಗೆ ನೂರು ಮಿಲಿಲೀಟರಿಗಿಂತ ಹೆಚ್ಚು ದ್ರವವನ್ನು ಬಿಡುವುದಿಲ್ಲ. ಪೆಟ್ಟಿಗೆಗಳನ್ನು ವಿಮಾನದವರಿಗೆ ಒಪ್ಪಿಸುವ ಸಾಲಿನಲ್ಲಿ ನಿಂತಾಗ ಅಮ್ಮನೇ ಮೆಲ್ಲಗೆ ಆ ಮಾತೆತ್ತಿದ್ದರಿಂದ ಬದುಕಿದೆವು. ನಿಂತಲ್ಲಿಯೇ ದೊಡ್ಡ ಪೆಟ್ಟಿಗೆಯನ್ನು ಬಿಚ್ಚಿ, ಬಾಟಲಿಗೆ ಎರಡು ಪ್ಲಾಸ್ಟಿಕ್ ಚೀಲ ಸುತ್ತಿ, ಮಗನ ಹೊಸ ಸ್ವೆಟರಿನ ತೋಳಿನೊಳಗೆ ತೂರಿಸಿದೆವು. ಬೆಂಗಳೂರಿನಲ್ಲಿ ತೆಗೆದಾಗ ತೋಳು ಒಣಗಿಯೇ ಇತ್ತು.